ಮೂವತ್ತು ಸಾವಿರದ ಗಾಳಿ

ಕೂದಲು ಒಣಗಿಸುವುದನ್ನು ಒಂದು ಕೆಲಸವೆಂದು ನಮ್ಮ ಮನೆಗಳಲ್ಲಿ ಯಾರೂ ಲೆಕ್ಕಕ್ಕೆ ಹಿಡಿದಿಲ್ಲ. ಅಡುಗೆ ಮಾಡುವುದು ಕೆಲಸ, ಬಟ್ಟೆ ಒಗೆಯುವುದು ಕೆಲಸ, ಈಚೀಚೆಗೆ ಮಕ್ಕಳ ಹೋಂವರ್ಕ್ ಮಾಡಿಸುವುದೂ ಕೆಲಸವೇ. ಕೂದಲು ಮಾತ್ರ ತಾನಾಗಿ ಒಣಗಬೇಕು. ಸೀಗೆಪುಡಿಯಲ್ಲೋ ಶ್ಯಾಂಪೂವಿನಲ್ಲೋ ತಲೆ ತೊಳೆದುಕೊಂಡ ಹೆಂಗಸು ತುದಿಗೊಂದು ಗಂಟು ಹಾಕಿ, ರವಿಕೆಯ ಬೆನ್ನು ಒದ್ದೆಯಾಗುತ್ತಿದ್ದರೂ ದೋಸೆ ಹುಯ್ಯುತ್ತಾಳೆ, ಡಬ್ಬಿ ತುಂಬುತ್ತಾಳೆ, ಬಸ್ಸು ಹಿಡಿಯುತ್ತಾಳೆ. ಶಾಲೆಯ ಪ್ರಾರ್ಥನೆಗೆ ನಿಂತಾಗಲೂ ಜಡೆಯ ಒಳಗೆ ನೀರಿರುತ್ತದೆ. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಮಳೆಗಾಲವಾದರೆ ಸಂಜೆಯವರೆಗೂ ಇರುತ್ತದೆ. ಆ ಮುಗ್ಗಲು ವಾಸನೆ, ನೆತ್ತಿಯ ಆ ಥಂಡಿ ಎಲ್ಲರಿಗೂ ಗೊತ್ತು. ಅದರ ಬಗ್ಗೆ ಮಾತಾಡುವವರು ಕಡಿಮೆ.

ಹಾಗಾಗಿ ಮೂವತ್ತು ಸಾವಿರ ರೂಪಾಯಿಯ ಹೇರ್ ಡ್ರೈಯರ್ ಕೊಳ್ಳಬಹುದೇ ಎಂದು ಯಾರಾದರೂ ಕೇಳಿದರೆ ನಗುವುದು ಸುಲಭ, ಆದರೆ ನ್ಯಾಯವಲ್ಲ. ಹೆಣ್ಣಿನ ಸಮಯಕ್ಕೆ ಮನೆ ಎಷ್ಟು ಬೆಲೆ ಕಟ್ಟುತ್ತದೆ ಎಂಬ ಮಾತು ಆ ಪ್ರಶ್ನೆಯೊಳಗೆ ಅಡಗಿದೆ. ಗಂಡಸರ ಕೈಯ ಮೊಬೈಲು ಅಷ್ಟೇ ಬೆಲೆಯದ್ದಾದರೂ ಯಾರೂ ಸಭೆ ಕರೆಯುವುದಿಲ್ಲ. ಹುಡುಗ ಬೈಕಿಗೆ ಅಲಂಕಾರದ ಚಕ್ರ ಹಾಕಿಸಿದರೆ ವಯಸ್ಸು ಎನ್ನುತ್ತಾರೆ. ಹೆಣ್ಣು ಕೂದಲು ಒಣಗಿಸುವ ಯಂತ್ರಕ್ಕೆ ದುಡ್ಡು ಹಾಕಿದರೆ ಮಾತ್ರ ಅಟ್ಟದ ಮೇಲಿನ ಅಜ್ಜಿಯಿಂದ ಹಿಡಿದು ಎದುರುಮನೆಯ ಮಾವನವರೆಗೆ ಎಲ್ಲರೂ ಅರ್ಥಶಾಸ್ತ್ರಜ್ಞರಾಗುತ್ತಾರೆ. ಈ ತಾರತಮ್ಯ ನನಗೆ ಒಪ್ಪಿಗೆಯಿಲ್ಲ. ಆದರೆ ಅವರ ತಾರತಮ್ಯ ತಪ್ಪೆಂದ ಮಾತ್ರಕ್ಕೆ ವಸ್ತು ಒಳ್ಳೆಯದೆಂದು ಆಗುವುದಿಲ್ಲ. ಎರಡನ್ನೂ ಬೇರೆ ಬೇರೆಯಾಗಿಯೇ ತೂಗಬೇಕು.

ಮೊದಲು ವಸ್ತುವಿನ ವಿಚಾರ. ಕೂದಲು ಒಣಗಿಸುವ ಯಂತ್ರ ಹುಟ್ಟಿದ್ದೇ ಸಲೂನಿನಲ್ಲಿ. 1890ರ ಸುಮಾರಿಗೆ ಅಲೆಕ್ಸಾಂಡರ್ ಗೊದೆಫ್ರಾ ಎಂಬ ಫ್ರಾನ್ಸಿನ ಕೇಶಶೃಂಗಾರದವನು ಒಲೆಯ ಹೊಗೆಕೊಳವೆಗೆ ಒಂದು ಟೊಪ್ಪಿಗೆ ಜೋಡಿಸಿ, ಹೆಂಗಸರನ್ನು ಅದರ ಕೆಳಗೆ ಕೂರಿಸಿದ. ನಮ್ಮ ಅಜ್ಜಿಯರು ಬಾಣಂತಿಯ ಕೂದಲಿಗೆ ಬುಟ್ಟಿ ಕವುಚಿ ಲೋಬಾನದ ಹೊಗೆ ಹಾಕುತ್ತಿದ್ದರಲ್ಲ, ಅದಕ್ಕೂ ಇದಕ್ಕೂ ದೂರದ ನೆಂಟಸ್ತಿಕೆ ಇದ್ದಂತಿದೆ. ಕೈಯಲ್ಲಿ ಹಿಡಿಯುವ ವಿದ್ಯುತ್ ಯಂತ್ರಗಳು ಬಂದದ್ದು 1920ರ ದಶಕದಲ್ಲಿ. ಅವು ಭಾರವಾಗಿದ್ದವು, ಬಿಸಿಯೂ ಅಷ್ಟಕ್ಕಷ್ಟೆ, ಸುಮಾರು 100 ವ್ಯಾಟಿನವು. ಈಗ ಸಾವಿರ ರೂಪಾಯಿಗೆ ಸಿಗುವ ಡ್ರೈಯರ್ ಕೂಡ 1000, 1200 ವ್ಯಾಟಿನದು. ಅಂದರೆ ಈ ನೂರು ವರ್ಷಗಳಲ್ಲಿ ದೊಡ್ಡ ಜಿಗಿತವೆಲ್ಲ ಅಗ್ಗದ ಯಂತ್ರದೊಳಗೇ ಬಂದುಬಿಟ್ಟಿದೆ. ಇದನ್ನು ನೆನಪಿನಲ್ಲಿಟ್ಟುಕೊಂಡು ದುಬಾರಿಯದರ ಕಡೆ ನೋಡೋಣ.

ದುಬಾರಿಯದು ಎಂದರೆ ಈಗ ಎಲ್ಲರ ಬಾಯಲ್ಲಿರುವುದು ಡೈಸನ್ ಕಂಪನಿಯ ಸೂಪರ್‌ಸಾನಿಕ್. ಚೀಲವಿಲ್ಲದ ವ್ಯಾಕ್ಯೂಮ್ ಕ್ಲೀನರಿನಿಂದ ಹೆಸರಾದ ಇಂಗ್ಲೆಂಡಿನ ಜೇಮ್ಸ್ ಡೈಸನ್ ಇದನ್ನು 2016ರಲ್ಲಿ ಹೊರತಂದರು. ಆಗ ಅಮೆರಿಕದಲ್ಲಿ ಅದರ ಬೆಲೆ 399 ಡಾಲರ್. ನಮ್ಮಲ್ಲಿ ಮೂವತ್ತು ಸಾವಿರ ರೂಪಾಯಿಯ ಆಸುಪಾಸು. ಕಂಪನಿ ಹೇಳಿಕೊಂಡಂತೆ 103 ಇಂಜಿನಿಯರುಗಳು ನಾಲ್ಕು ವರ್ಷ ದುಡಿದು, 600 ಮಾದರಿಗಳನ್ನು ಮಾಡಿ ನೋಡಿದ್ದಾರೆ. ಬೇರೆ ಡ್ರೈಯರುಗಳಲ್ಲಿ ಮೋಟಾರು ತಲೆಯೊಳಗಿದ್ದರೆ ಇದರಲ್ಲಿ ಅದು ಹಿಡಿಕೆಯೊಳಗಿದೆ. ನಿಮಿಷಕ್ಕೆ 1,10,000 ಸುತ್ತು ತಿರುಗುವ ಪುಟ್ಟ ಮೋಟಾರು. ಅದರ ಚಕ್ರಕ್ಕೆ ವಾಡಿಕೆಯ 11ರ ಬದಲು 13 ಅಲಗುಗಳನ್ನಿಟ್ಟು, ಸದ್ದಿನ ಒಂದು ಸ್ವರವನ್ನು ಮನುಷ್ಯರ ಕಿವಿಗೆ ಕೇಳದಷ್ಟು ಮೇಲಕ್ಕೆ ಅಟ್ಟಿದ್ದಾರೆ. ಹೊರಬರುವ ಗಾಳಿಯ ಉಷ್ಣತೆಯನ್ನು ಸೆಕೆಂಡಿಗೆ ಹತ್ತಾರು ಸಲ ಅಳೆದು, ಮಿತಿ ಮೀರದಂತೆ ನೋಡಿಕೊಳ್ಳುವ ಏರ್ಪಾಡೂ ಉಂಟು. ಇದನ್ನೆಲ್ಲ ಕೇಳಿದಾಗ, ಅಡುಗೆಮನೆಯ ಮಿಕ್ಸಿಗೂ ಇಷ್ಟು ಜನ ಇಷ್ಟು ವರ್ಷ ತಲೆ ಕೆಡಿಸಿಕೊಂಡಿದ್ದರೆ ನಮ್ಮ ಬೆಳಗುಗಳು ಎಷ್ಟು ಶಾಂತವಾಗಿರುತ್ತಿದ್ದವು ಎಂದು ನನಗೆ ಅನ್ನಿಸಿತು.

ಕೇಳಿದ್ದನ್ನೇ ಬರೆಯುತ್ತಿಲ್ಲ. ಬೆಂಗಳೂರಿನಲ್ಲಿರುವ ನನ್ನ ತಂಗಿಯ ಮಗಳ ಬಳಿ ಅದಿದೆ. ಒಂದು ಜೂನ್ ತಿಂಗಳು ಅದು ನಮ್ಮ ಮನೆಯಲ್ಲೇ ಇತ್ತು. ಒಂದು ಸಲ ಅದು, ಇನ್ನೊಂದು ಸಲ ನನ್ನ 1,800 ರೂಪಾಯಿಯದು ಎಂದು ಬದಲಿಸಿ ಬದಲಿಸಿ ಬಳಸಿದೆ. ದುಬಾರಿಯದು ಕೈಗೆ ಹಿತವೆಂಬುದು ಸುಳ್ಳಲ್ಲ. ಭಾರ ಮುಂದಕ್ಕೆ ಜಗ್ಗುವುದಿಲ್ಲ. ಅದು ಓಡುತ್ತಿದ್ದಾಗಲೂ ಪಕ್ಕದ ಕೋಣೆಯಿಂದ ಕರೆದದ್ದು ಕೇಳಿಸುತ್ತದೆ (ಇದು ಗುಣವೋ ದೋಷವೋ ನೀವೇ ಹೇಳಬೇಕು). ಕೂದಲೂ ಬೇಗ ಒಣಗುತ್ತದೆ. ಆದರೆ ಹದಿನೈದು ಪಾಲು ಹೆಚ್ಚು ಬೆಲೆಗೆ ಹದಿನೈದು ಪಾಲು ಬೇಗ ಅಲ್ಲ. ನನ್ನ ಅರ್ಧ ಬೆನ್ನಿನ ಕೂದಲಿಗೆ ಉಳಿದದ್ದು ಕೆಲವು ನಿಮಿಷ.

ಅದು ಹಾಗೇ ಇರಬೇಕಲ್ಲವೇ? ಒದ್ದೆ ಸೀರೆ ಒಣಗುವುದಕ್ಕೆ ಏನೇನು ಬೇಕೆಂದು ಐದನೆಯ ತರಗತಿಯ ಮಕ್ಕಳನ್ನು ಕೇಳಿದರೆ ಬಿಸಿಲು, ಗಾಳಿ ಎಂದು ಒಟ್ಟಿಗೇ ಕೂಗುತ್ತಾರೆ. ಕೂದಲಿಗೂ ಅಷ್ಟೇ. ನೀರು ಆವಿಯಾಗಲು ಇಷ್ಟು ಶಾಖ ಬೇಕೆಂಬುದು ಪ್ರಕೃತಿಯ ಲೆಕ್ಕ, ಅದು ಯಾವ ಕಂಪನಿಗೂ ರಿಯಾಯಿತಿ ಕೊಡುವುದಿಲ್ಲ. ಐವತ್ತು ಗ್ರಾಂ ನೀರನ್ನು ಆವಿ ಮಾಡಲು, 1200 ವ್ಯಾಟಿನ ಯಂತ್ರ ತನ್ನ ಶಾಖವನ್ನೆಲ್ಲ ಒಂದಿಷ್ಟೂ ಪೋಲಾಗದಂತೆ ಒದಗಿಸಿದರೂ, ಸುಮಾರು ನೂರು ಸೆಕೆಂಡು ಹಿಡಿಯುತ್ತದೆ. 1600 ವ್ಯಾಟಿನದಾದರೆ ಎಪ್ಪತ್ತೈದು ಸೆಕೆಂಡು. ನಿಜದಲ್ಲಿ ಹೆಚ್ಚಿನ ಶಾಖ ಕೋಣೆಗೆ ಹೋಗುವುದರಿಂದ ಎರಡಕ್ಕೂ ಇದಕ್ಕಿಂತ ಎಷ್ಟೋ ಪಟ್ಟು ಹೊತ್ತು ಬೇಕು. ಅದೇ ಐವತ್ತು ಗ್ರಾಂ ನೀರನ್ನು ಹಳೆಯ ಪಂಚೆಯೊಂದು ಎರಡು ನಿಮಿಷದಲ್ಲಿ, ಕರೆಂಟಿಲ್ಲದೆ ಕುಡಿಯುತ್ತದೆ. ದಪ್ಪ ಟರ್ಕಿ ಟವೆಲಿನಿಂದ ಗಸಗಸ ಉಜ್ಜುವುದಲ್ಲ, ತೊಳೆದು ತೊಳೆದು ಮೆತ್ತಗಾದ ಬಟ್ಟೆಯಲ್ಲಿ ಸುತ್ತಿ ಹಿಂಡದೆ ಒತ್ತುವುದು. ಯಾವ ಡ್ರೈಯರ್ ಕೊಂಡರೂ ಅದರ ಅರ್ಧ ಕೆಲಸ ಈ ಪಂಚೆಯದು. ಜಾಹೀರಾತಿನಲ್ಲಿ ಮಾತ್ರ ಇದಕ್ಕೆ ಜಾಗವಿಲ್ಲ, ಏಕೆಂದರೆ ಇದನ್ನು ಮಾರಲು ಬರುವುದಿಲ್ಲ.

ಇನ್ನು ಹಾನಿಯ ಪ್ರಶ್ನೆ. ದುಬಾರಿ ಡ್ರೈಯರನ್ನು ಮಾರುವುದು ಭಯದ ಮೇಲೆ. ಅಗ್ಗದ್ದು ಕೂದಲನ್ನು ಸುಡುತ್ತದೆ, ನಮ್ಮದು ಕಾಪಾಡುತ್ತದೆ ಎಂಬುದು ಅವರ ಮಾತು. ಅತ್ತ ನಮ್ಮ ಹಿರಿಯರ ಮಾತು ಬೇರೆ: ಯಂತ್ರವೇ ಬೇಡ, ಕೂದಲು ತಾನಾಗಿ ಒಣಗಲಿ, ಅದೇ ಆರೋಗ್ಯ. ಎರಡನ್ನೂ ಪರೀಕ್ಷಿಸಿದ ಒಂದು ಪ್ರಯೋಗವುಂಟು. ದಕ್ಷಿಣ ಕೊರಿಯಾದ ಚರ್ಮವೈದ್ಯರು 2011ರಲ್ಲಿ ಪ್ರಕಟಿಸಿದ್ದು. ಕೂದಲಿನ ಎಳೆಗಳನ್ನು ಮೂವತ್ತು ಸಲ ತೊಳೆದು ಒಣಗಿಸಿ ನೋಡಿದರು. ಕೆಲವನ್ನು ಡ್ರೈಯರಿಲ್ಲದೆ, ಕೆಲವನ್ನು ಡ್ರೈಯರನ್ನು 15, 10, 5 ಸೆಂಟಿಮೀಟರ್ ದೂರದಲ್ಲಿ ಹಿಡಿದು. ಆ ದೂರಗಳಲ್ಲಿ ಗಾಳಿಯ ಬಿಸಿ ಕ್ರಮವಾಗಿ 47, 61 ಮತ್ತು 95 ಡಿಗ್ರಿ. ಹತ್ತಿರ ಹಿಡಿದಷ್ಟೂ ಕೂದಲಿನ ಮೇಲ್ಮೈ ಹಾಳಾದದ್ದು ಕಂಡಿತು. ಇದು ನಿರೀಕ್ಷಿಸಿದ್ದೇ. ಆದರೆ ತಾನಾಗಿ ಒಣಗಲು ಬಿಟ್ಟ ಕೂದಲಿನಲ್ಲಿ, ಮತ್ತು ಅದರಲ್ಲಿ ಮಾತ್ರ, ಒಳಗಿನ ಕೋಶಗಳನ್ನು ಅಂಟಿಸಿ ಹಿಡಿದಿರುವ ತೆಳು ಪೊರೆಗೆ ಧಕ್ಕೆಯಾಗಿತ್ತು. ಬಹಳ ಹೊತ್ತು ಒದ್ದೆಯಾಗಿರುವ ಕೂದಲು ಉಬ್ಬಿಕೊಂಡೇ ಇರುವುದು ಇದಕ್ಕೆ ಕಾರಣವಿರಬೇಕು ಎಂದು ಅವರ ಊಹೆ. ಹದಿನೈದು ಸೆಂಟಿಮೀಟರ್ ದೂರ ಹಿಡಿದು, ಕೈ ಆಡಿಸುತ್ತಲೇ ಒಣಗಿಸುವುದು ಒದ್ದೆ ಬಿಡುವುದಕ್ಕಿಂತ ಮೇಲು ಎಂದು ತೀರ್ಮಾನಿಸಿದರು. ಒಂದು ಪ್ರಯೋಗವನ್ನು ವೇದವಾಕ್ಯ ಮಾಡಬೇಕಿಲ್ಲ. ಅದು ಕತ್ತರಿಸಿದ ಎಳೆಗಳ ಮೇಲೆ ನಡೆದದ್ದು, ಎಣ್ಣೆ ಹಚ್ಚಿದ ನಮ್ಮ ತಲೆಗಳ ಮೇಲಲ್ಲ. ಆದರೂ ತಾನಾಗಿ ಒಣಗಿದ್ದೇ ಶ್ರೇಷ್ಠವೆಂಬ ಮಾತನ್ನು ಇನ್ನು ಅಷ್ಟು ಗಟ್ಟಿಯಾಗಿ ಹೇಳುವಂತಿಲ್ಲ.

ಸುಡುವ ಭಯವೂ ಪೂರ್ತಿ ಸುಳ್ಳಲ್ಲ. ಒದ್ದೆ ಕೂದಲು ಅತಿಯಾಗಿ ಕಾದರೆ ಅದರೊಳಗಿನ ನೀರು ಕುದಿದು ಎಳೆಯಲ್ಲಿ ಗುಳ್ಳೆಗಳಾಗುತ್ತವೆ, ಅಲ್ಲಿಗೆ ಕೂದಲು ಮುರಿಯುತ್ತದೆ. 1994ರಲ್ಲಿ ಅಮೆರಿಕದ ಚರ್ಮವೈದ್ಯರ ಪತ್ರಿಕೆಯೊಂದರಲ್ಲಿ ಹೀಗಾದ ಒಂದು ಪ್ರಕರಣ ಬಂದಿತ್ತು. ಆದರೆ ಅಲ್ಲಿ ಡ್ರೈಯರ್ ಕೆಟ್ಟು, 175 ಡಿಗ್ರಿಗೂ ಮೀರಿ ಕಾಯುತ್ತಿತ್ತು. ಸರಿಯಾಗಿರುವ ಯಂತ್ರವನ್ನು ಒಂದು ಗೇಣಿಗಿಂತ ಸ್ವಲ್ಪ ಕಡಿಮೆ ದೂರದಲ್ಲಿ ಹಿಡಿದು ಕೈ ಆಡಿಸುತ್ತಿದ್ದರೆ ಈ ಗತಿ ಬರುವುದಿಲ್ಲ. ದುಬಾರಿ ಯಂತ್ರ ಉಷ್ಣತೆಯನ್ನು ಅಳೆದು ಮಾಡುವ ಕಾಪನ್ನು ನಮ್ಮ ಅಂಗೈ ಮಾಡಬಲ್ಲದು. ಗಾಳಿಯನ್ನು ಅಂಗೈಯ ಹಿಂಬದಿಗೆ ಬಿಟ್ಟುಕೊಳ್ಳಿ. ಕೈ ಹಿಂದೆ ಎಳೆದುಕೊಳ್ಳುವಂತಾದರೆ ಕೂದಲಿಗೂ ಅದು ಜಾಸ್ತಿ. ಕೂದಲು ಸತ್ತ ವಸ್ತು, ಅದು ಕೂಗಿ ಹೇಳುವುದಿಲ್ಲ. ಕೈಯಾದರೂ ಹೇಳಲಿ.

ಆಮೇಲೆ ಅಯಾನು, ಸೆರಾಮಿಕ್, ಟೂರ್ಮಲಿನ್ ಎಂಬ ದೊಡ್ಡ ದೊಡ್ಡ ಪದಗಳು ಡಬ್ಬಿಯ ಮೇಲಿರುತ್ತವೆ. ಋಣ ಅಯಾನುಗಳು ಕೂದಲಿನ ಸ್ಥಾಯೀ ವಿದ್ಯುತ್ತನ್ನು ಇಳಿಸುತ್ತವೆ ಎಂಬುದು ಒಪ್ಪತಕ್ಕ ಮಾತು. ಆದರೆ ಬಾಚಿದಾಗ ಕೂದಲು ಚಟಪಟ ಎದ್ದು ನಿಲ್ಲುವ ತೊಂದರೆ ಒಣಹವೆಯದು, ಚಳಿದೇಶಗಳಲ್ಲಿ ಕೋಣೆ ಕಾಯಿಸಿಕೊಂಡು ಕೂರುವವರದು. ಡಿಸೆಂಬರಿನ ವಿಜಯಪುರದಲ್ಲಿ ಒಂದಿಷ್ಟು ಇರಬಹುದು. ಗೋಡೆಗಳೇ ಬೆವರುವ ನಮ್ಮ ಕಡೆ ಆ ಔಷಧಿಗೆ ರೋಗವೇ ಇಲ್ಲ.

ಹೊಳಪು, ನುಣುಪುಗಳ ಮಾತನ್ನೂ ಹೀಗೆಯೇ ನೋಡಬೇಕು. ಕೂದಲಿನ ಹೊರಗೆ ಮಂಗಳೂರು ಹೆಂಚು ಹೊದಿಸಿದಂತೆ ಸಣ್ಣ ಸಣ್ಣ ಚಕ್ಕೆಗಳಿವೆ. ಬೇರಿನಿಂದ ತುದಿಯ ಕಡೆಗೆ ಗಾಳಿ ಬಿಟ್ಟರೆ ಅವು ಒರಗಿ ಕೂರುತ್ತವೆ, ಹೊಳಪು ಕಾಣುತ್ತದೆ. ಎದುರಾಗಿ ಬಿಟ್ಟರೆ ಎದ್ದು ಕೂದಲು ಬಿರುಸಾಗುತ್ತದೆ. ಇದು ಗಾಳಿಯ ದಿಕ್ಕಿನ ವಿಚಾರ, ಬೆಲೆಯದಲ್ಲ. ಕೂದಲು ಒದ್ದೆಯಾದಾಗ ಅದರೊಳಗಿನ ಸಣ್ಣ ಬಂಧಗಳು ಬಿಡುತ್ತವೆ, ಒಣಗುವಾಗ ಯಾವ ಆಕಾರದಲ್ಲಿದೆಯೋ ಅದರಲ್ಲಿ ಮತ್ತೆ ಕೂಡಿಕೊಳ್ಳುತ್ತವೆ. ಸಲೂನಿನವರು ದುಂಡು ಬ್ರಷ್ ಸುತ್ತಿ, ಕೊನೆಗೆ ತಣ್ಣನೆಯ ಗಾಳಿ ಬಿಟ್ಟು ನಿಲ್ಲಿಸುವ ಆಕಾರದ ಗುಟ್ಟು ಇದೇ. ಹವೆಯ ತೇವ ಒಳಹೊಕ್ಕಿತೆಂದರೆ ಅದೇ ಬಂಧಗಳು ಮತ್ತೆ ಸಡಿಲ. ಜುಲೈ ತಿಂಗಳ ಮಂಗಳೂರಿನಲ್ಲಿ ಮೂವತ್ತು ಸಾವಿರದ ನುಣುಪು ಬಸ್‌ಸ್ಟ್ಯಾಂಡ್ ಮುಟ್ಟುವುದರೊಳಗೆ ಎರಡು ಸಾವಿರದ ನುಣುಪಿನ ಪಕ್ಕ ಬಂದು ನಿಲ್ಲುತ್ತದೆ.

ಹಾಗಾದರೆ ‘ಸಲೂನ್ ಗುಣಮಟ್ಟ’ ಎಂದರೇನು? ನಮ್ಮೂರಿನಲ್ಲಿ ಪಾರ್ಲರ್ ನಡೆಸುವ ಒಬ್ಬಾಕೆಯನ್ನು ಕೇಳಿದೆ. ನನ್ನ ಹಳೆಯ ವಿದ್ಯಾರ್ಥಿನಿ. ಮನೆಬಳಕೆಯ ಸಾಮಾನ್ಯ ಡ್ರೈಯರುಗಳಲ್ಲಿ ಹಗುರವಾದ ಚಿಕ್ಕ ಡಿಸಿ ಮೋಟಾರು, ಸಲೂನಿನವುಗಳಲ್ಲಿ ಹೆಚ್ಚಾಗಿ ಭಾರವಾದ ಎಸಿ ಮೋಟಾರು ಇರುತ್ತದೆ. ಗಂಟೆಗಟ್ಟಲೆ ಓಡಿದರೂ ಅದು ಸೋಲುವುದಿಲ್ಲ. ಸಲೂನ್ ಗುಣಮಟ್ಟವೆಂದರೆ ಮುಖ್ಯವಾಗಿ ದಿನವಿಡೀ ದುಡಿಯುವ ತಾಕತ್ತು. ಆ ಹುಡುಗಿ ಇನ್ನೊಂದು ಮಾತು ಹೇಳಿದಳು: “ಟೀಚರ್, ಜನ ನಮ್ಮ ಮಷೀನ್ ನೋಡಿ ಅದೇ ಬೇಕು ಅಂತಾರೆ. ನನ್ನ ಎಡಗೈಯ ಬ್ರಷ್ಷನ್ನು ಯಾರೂ ನೋಡೋದಿಲ್ಲ.” ನಾವು ಅಲ್ಲಿ ಹಣ ಕೊಡುವುದು ಅವಳ ಆ ಎಡಗೈಗೆ. ಕೂದಲನ್ನು ನಾಲ್ಕು ಪಾಲು ಮಾಡಿ, ಕೆಳಗಿನದನ್ನು ಮೊದಲು ಒಣಗಿಸಿ, ನಮ್ಮ ಹಿಂದೆ ನಿಂತು ನಮಗೆ ಕಾಣದ ಕಡೆಯನ್ನು ನೋಡುವ ಕಣ್ಣಿಗೆ. ಅದು ಯಾವ ಡಬ್ಬಿಯಲ್ಲೂ ಬರುವುದಿಲ್ಲ.

ಲೆಕ್ಕವನ್ನೂ ಹಾಕಿಬಿಡೋಣ. ವಾರಕ್ಕೆ ಎರಡು ಸಲ ತಲೆ ತೊಳೆಯುವವಳು ವರ್ಷಕ್ಕೆ 104 ಸಲ, ಐದು ವರ್ಷಕ್ಕೆ 520 ಸಲ ಡ್ರೈಯರ್ ಹಿಡಿಯುತ್ತಾಳೆ. ಮೂವತ್ತು ಸಾವಿರದ್ದಾದರೆ ಸಲಕ್ಕೆ ಸುಮಾರು 58 ರೂಪಾಯಿ. ಎರಡು ಸಾವಿರದ್ದಾದರೆ ನಾಲ್ಕು ರೂಪಾಯಿಯ ಒಳಗೆ. ಅದೇ ಪಾರ್ಲರಿನಲ್ಲಿ ದಿನಕ್ಕೆ ಎಂಟು ತಲೆ, ವರ್ಷಕ್ಕೆ ಮುನ್ನೂರು ದಿನ ಎಂದು ಹಿಡಿದರೆ ಒಂದೇ ವರ್ಷದಲ್ಲಿ ತಲೆಗೆ ಹನ್ನೆರಡೂವರೆ ರೂಪಾಯಿಗೆ ಇಳಿಯುತ್ತದೆ. ದಿನವಿಡೀ ಮಣಿಕಟ್ಟಿನ ಮೇಲೆ ಆ ಭಾರ, ಕಿವಿಯ ಪಕ್ಕ ಆ ಸದ್ದು ಹೊರುವ ಹುಡುಗಿಗೆ ಹಗುರವಾದ, ಮೆಲುದನಿಯ ಯಂತ್ರ ಶೋಕಿಯಲ್ಲ, ಅದು ಅವಳ ಆಯುಧ. ಅವಳು ಸಾಲ ಮಾಡಿ ಕೊಂಡರೂ ನಾನು ಬೇಡವೆನ್ನಲಾರೆ.

ನಮ್ಮ ಊರುಗಳ ಮನೆಗಳಿಗೆಂದೇ ಕೆಲವು ಮಾತುಗಳಿವೆ. 1600 ವ್ಯಾಟಿನ ಯಂತ್ರ 230 ವೋಲ್ಟಿನಲ್ಲಿ ಏಳು ಆಂಪಿಯರಿನಷ್ಟು ಎಳೆಯುತ್ತದೆ. ಕೋಣೆಯ ಕನ್ನಡಿಯ ಪಕ್ಕದ ಚಿಕ್ಕ ಪ್ಲಗ್ಗು ಆರು ಆಂಪಿಯರಿನದು. ಅದಕ್ಕೆ ಗೀಸರಿನಂಥ ದೊಡ್ಡ ಪ್ಲಗ್ಗೇ ಬೇಕು, ಮತ್ತು ಅದು ಹೆಚ್ಚಿನ ಮನೆಗಳಲ್ಲಿ ಇರುವುದು ಬಚ್ಚಲಿನ ಬಳಿ, ಎಂದರೆ ಈ ಯಂತ್ರವನ್ನು ಎಂದೂ ಬಳಸಬಾರದ ಜಾಗದಲ್ಲಿ. ಅಮೆರಿಕದಲ್ಲಿ 1991ರಿಂದ, ಡ್ರೈಯರ್ ನೀರಿಗೆ ಬಿದ್ದರೂ ಶಾಕ್ ಹೊಡೆಯದಂತೆ ತಡೆಯುವ ಏರ್ಪಾಡು ಅದರಲ್ಲೇ ಇರಬೇಕೆಂದು ನಿಯಮವಾಯಿತು. ನಮ್ಮಲ್ಲಿ ಆ ಕೆಲಸವನ್ನು ಮೀಟರ್ ಬೋರ್ಡಿನ ಇಎಲ್‌ಸಿಬಿಗೆ ವಹಿಸಿಕೊಳ್ಳಬೇಕು. ಹಳೆಯ ಮನೆಯಾದರೆ ಅದು ಉಂಟೋ ಎಂದು ಮೊದಲು ನೋಡಿ. ಅಮೆರಿಕದಿಂದ ಬರುವ ಮಗನೋ ಅಳಿಯನೋ ತರುತ್ತೇನೆ ಎಂದರೆ ಬೇಡವೆನ್ನಿ. ಅಲ್ಲಿನ 120 ವೋಲ್ಟಿನ ಯಂತ್ರ ಇಲ್ಲಿ ಹಾಕಿದ ಕ್ಷಣವೇ ಹೋಗಬಹುದು. ದೊಡ್ಡ ಹೆಸರಿನ ನಕಲಿಗಳೂ ಬೇಕಾದಷ್ಟಿವೆ. ಮೂವತ್ತು ಸಾವಿರದ್ದು ಆರು ಸಾವಿರಕ್ಕೆ ಸಿಕ್ಕಿತೆಂದರೆ ಅದು ಅದಲ್ಲ. ಮತ್ತೆ, ಕೆಟ್ಟರೆ ರಿಪೇರಿ? ನಮ್ಮ ಪೇಟೆಯ ಫ್ಯಾನು ಮಿಕ್ಸಿ ರಿಪೇರಿಯವರು ಆ ಹಿಡಿಕೆಯನ್ನು ಬಿಚ್ಚಲಾರರು. ದೂರದ ಊರಿಗೆ ಕಳಿಸಿ ಕಾಯಬೇಕು. ಕರೆಂಟ್ ಬಿಲ್ಲಿನ ಹೆದರಿಕೆ ಮಾತ್ರ ಬೇಡ: ವಾರಕ್ಕೆ ಎರಡು ಸಲ, ಸಲಕ್ಕೆ ಹದಿನೈದು ನಿಮಿಷ ಓಡಿಸಿದರೂ ತಿಂಗಳಿಗೆ ಮೂರೂವರೆ ಯೂನಿಟ್ ಆಗುವುದಿಲ್ಲ.

ಆದ್ದರಿಂದ ನನ್ನ ತೀರ್ಪು ಹೀಗೆ. ದುಬಾರಿ ಯಂತ್ರ ಮೋಸವಲ್ಲ, ಒಳ್ಳೆಯ ಇಂಜಿನಿಯರಿಂಗ್. ಆದರೆ ಅದು ಬಿಡಿಸುವ ಸಮಸ್ಯೆಗಳಲ್ಲಿ ಹೆಚ್ಚಿನವು ನಮ್ಮವಲ್ಲ. ದಟ್ಟ ಗುಂಗುರು ಕೂದಲಿದ್ದು ದಿನವೂ ತೊಳೆಯಲೇಬೇಕಾದವರು, ಭುಜ ನೋವಿನಿಂದ ಕೈ ಎತ್ತಲಾರದವರು, ಇದೇ ಕಸುಬಿನವರು ದುಡ್ಡಿದ್ದರೆ ಕೊಳ್ಳಲಿ. ಉಳಿದವರಿಗೆ ಒಂದೂವರೆ ಎರಡು ಸಾವಿರದ, 1200 ವ್ಯಾಟಿನ ಒಂದು ಯಂತ್ರ ಸಾಕು. ಬಿಸಿಯನ್ನು ಎರಡು ಮೂರು ಹಂತಗಳಲ್ಲಿ ಬದಲಿಸಲು ಬರಬೇಕು, ತಣ್ಣನೆಯ ಗಾಳಿಯ ಗುಂಡಿ ಇರಬೇಕು, ಮೂತಿಗೆ ಸಿಕ್ಕಿಸುವ ಚಪ್ಪಟೆ ತುಂಡು ಇರಬೇಕು, ಐಎಸ್‌ಐ ಗುರುತಿರಬೇಕು. ಹಿಂಬದಿಯ ಜಾಲರಿಯಲ್ಲಿ ಸೇರಿದ ಧೂಳನ್ನು ತಿಂಗಳಿಗೊಮ್ಮೆ ತೆಗೆಯಬೇಕು. ಗಾಳಿ ಕಟ್ಟಿದರೆ ಒಳ್ಳೆಯ ಯಂತ್ರವೂ ಅತಿಯಾಗಿ ಕಾಯುತ್ತದೆ.

ಅದನ್ನೂ ಕೊಳ್ಳದೆ ಎಷ್ಟೋ ಹೆಂಗಸರು ಇದ್ದಾರೆ. ಎರಡು ಸಾವಿರ ಇಲ್ಲವೆಂದಲ್ಲ, ಕೇಳಲು ಸಂಕೋಚ. ನನಗೆ ಮೂವತ್ತು ಸಾವಿರಕ್ಕಿಂತ ದೊಡ್ಡ ಪ್ರಶ್ನೆಯಾಗಿ ಕಾಣುವುದು ಇದು. ನನ್ನ ಸಹೋದ್ಯೋಗಿಯೊಬ್ಬರು ಮಳೆಗಾಲದ ನಾಲ್ಕು ತಿಂಗಳು ಶನಿವಾರ ಮಧ್ಯಾಹ್ನ ಮಾತ್ರ ತಲೆ ತೊಳೆಯುತ್ತಾರೆ, ಏಕೆಂದರೆ ಬೇರೆ ದಿನ ಒಣಗಿಸಲು ಹೊತ್ತಿಲ್ಲ. ಅವರ ಮನೆಯಲ್ಲಿ ಕಾರು ತೊಳೆಯಲು ಒತ್ತಡದ ಪಂಪು ಇದೆ. ಇದನ್ನು ಅವರು ದೂರೆಂದು ಹೇಳಲಿಲ್ಲ, ನಗುತ್ತಾ ಹೇಳಿದರು. ಆ ನಗು ನನಗೆ ಹಿಡಿಸಲಿಲ್ಲ.

ಹಾಗಾಗಿ ಕೊಳ್ಳುವ ವಿಚಾರಕ್ಕೆ ಕೂತಾಗ ಯಂತ್ರದ ಜೊತೆಗೆ ಇನ್ನೆರಡನ್ನು ಪಟ್ಟಿಗೆ ಸೇರಿಸಿ. ಒಂದು, ಬಚ್ಚಲಿನಿಂದ ದೂರ, ಕನ್ನಡಿಯ ಹತ್ತಿರ ಒಂದು ಸರಿಯಾದ ಪ್ಲಗ್ಗು. ಇನ್ನೊಂದು, ತಲೆ ತೊಳೆದ ದಿನ ಬೆಳಿಗ್ಗೆ ಹದಿನೈದು ನಿಮಿಷ. ಆ ಹೊತ್ತು ದೋಸೆಯ ಕಾವಲಿಯ ಮುಂದೆ ಬೇರೆ ಯಾರಾದರೂ ನಿಲ್ಲಲಿ. ಮೊದಲನೆಯದಕ್ಕೆ ಎಲೆಕ್ಟ್ರಿಷಿಯನ್ ಕೆಲವು ನೂರು ರೂಪಾಯಿ ತೆಗೆದುಕೊಂಡಾನು. ಎರಡನೆಯದು ಅಂಗಡಿಯಲ್ಲಿ ಸಿಗುವುದಿಲ್ಲ, ಮನೆಯಲ್ಲೇ ಕೇಳಿ ಪಡೆಯಬೇಕು.